ಆದೇಶ ಅಬುಜಾದಲ್ಲಿ, ಬೀಗದ ಕೈ ಕಾನೊದಲ್ಲಿ: ಮುಬಾರಕ್ ಬಾಲಾ ಪ್ರಕರಣ

2022ರ ಏಪ್ರಿಲ್ 5ರಂದು ನೈಜೀರಿಯಾದ ಕಾನೊ ರಾಜ್ಯದ ಹೈಕೋರ್ಟಿನಲ್ಲಿ ಮುಬಾರಕ್ ಬಾಲಾ ತಮ್ಮ ಮೇಲಿದ್ದ 18 ಆರೋಪಗಳನ್ನೂ ಒಪ್ಪಿಕೊಂಡರು. ವಕೀಲರು ತಡೆಯಲು ನೋಡಿದರೂ ಬಾಲಾ ಜಗ್ಗಲಿಲ್ಲ. ನ್ಯಾಯಾಲಯ ಅವರಿಗೆ 24 ವರ್ಷಗಳ ಸೆರೆವಾಸ ವಿಧಿಸಿತು. ಅವರು ಯಾರ ಮೈಮೇಲೂ ಕೈಮಾಡಿದವರಲ್ಲ, ಯಾವ ಪ್ರಾರ್ಥನಾ ಮಂದಿರಕ್ಕೂ ಹಾನಿ ಮಾಡಿದವರಲ್ಲ. ಫೇಸ್‌ಬುಕ್ಕಿನಲ್ಲಿ ಇಸ್ಲಾಂ ಧರ್ಮವನ್ನೂ ಅದರ ಪ್ರವಾದಿಯನ್ನೂ ಕುರಿತು ಬರೆದ ಕೆಲವು ಸಾಲುಗಳಿಗೆ ವಿಧಿಸಿದ ಶಿಕ್ಷೆ ಅದು.

ಬಾಲಾ ಆಗ ನೈಜೀರಿಯಾದ ಮಾನವತಾವಾದಿ ಸಂಘದ ಅಧ್ಯಕ್ಷರಾಗಿದ್ದರು. ದೇವರು, ಧರ್ಮಗಳ ಆಸರೆಯಿಲ್ಲದೆ ವಿವೇಚನೆಯನ್ನೂ ಮನುಷ್ಯರ ಒಳಿತನ್ನೂ ನೆಲೆಯಾಗಿಸಿಕೊಂಡ ವಿಚಾರಧಾರೆಯನ್ನು ಇಲ್ಲಿ ಮಾನವತಾವಾದ ಎನ್ನುತ್ತಿದ್ದೇನೆ. ಆಫ್ರಿಕಾದಲ್ಲಿ ಮಾನವತಾವಾದ ಮತ್ತು ಮಾನವ ಹಕ್ಕುಗಳ ಬಗ್ಗೆ ಬರೆಯುವವರು ಐವತ್ತಕ್ಕೂ ಹೆಚ್ಚು ದೇಶಗಳನ್ನು ಒಂದೇ ಸಾಲಿನಲ್ಲಿ ಮುಗಿಸಿಬಿಡುವುದುಂಟು. ಮಾರಿಟೇನಿಯಾದ ಕಾನೂನು ಬೇರೆ, ಘಾನಾದ ಸಮಸ್ಯೆ ಬೇರೆ, ಉಗಾಂಡಾದ ಮಾನವತಾವಾದಿ ಶಾಲೆಗಳ ಕಥೆಯೇ ಬೇರೆ. ಹಾಗಾಗಿ ಇಲ್ಲಿ ಒಬ್ಬ ಮನುಷ್ಯನ, ಒಂದು ದೇಶದ, ಒಂದು ಮೊಕದ್ದಮೆಯ ಜಾಡನ್ನಷ್ಟೇ ಹಿಡಿಯುತ್ತೇನೆ. ಹಕ್ಕುಗಳ ಹೋರಾಟ ನಿಜವಾಗಿ ಎಲ್ಲಿ ಸಿಕ್ಕಿಬೀಳುತ್ತದೆ ಎಂಬುದು ಈ ಮೊಕದ್ದಮೆಯಲ್ಲಿ ಕಾಣುವಷ್ಟು ಸ್ಪಷ್ಟವಾಗಿ ನನಗೆ ಬೇರೆಲ್ಲೂ ಕಂಡಿಲ್ಲ. ನೈಜೀರಿಯಾದ ಸಂವಿಧಾನದಲ್ಲಿ ಕೊರತೆಯಿರಲಿಲ್ಲ, ಅಂತರರಾಷ್ಟ್ರೀಯ ಒಪ್ಪಂದಗಳಿಗೂ ಕೊರತೆಯಿರಲಿಲ್ಲ. ಅವನ್ನು ಎತ್ತಿಹಿಡಿದ ನ್ಯಾಯಾಲಯವೂ ಒಂದಿತ್ತು. ಆದರೂ ಒಬ್ಬ ಮನುಷ್ಯ ನಾಲ್ಕೂವರೆ ವರ್ಷಕ್ಕೂ ಹೆಚ್ಚು ಕಾಲ ಸೆರೆಯಲ್ಲಿದ್ದ.

ಬಂಧನಕ್ಕೆ ಆರು ವರ್ಷ ಮೊದಲು

ಕಾನೊ ಉತ್ತರ ನೈಜೀರಿಯಾದ ಅತಿ ದೊಡ್ಡ ನಗರ. ಸಹಾರಾ ದಾಟಿ ಬರುತ್ತಿದ್ದ ಒಂಟೆ ಸಾರ್ಥಗಳ ಕಾಲದಿಂದಲೂ ಅದು ವ್ಯಾಪಾರದ, ಇಸ್ಲಾಮಿ ವಿದ್ವತ್ತಿನ ಊರು. ಬಾಲಾ 1984ರಲ್ಲಿ ಹುಟ್ಟಿದ್ದು ಈ ರಾಜ್ಯದಲ್ಲಿ, ಧಾರ್ಮಿಕ ಪಾಂಡಿತ್ಯಕ್ಕೆ ಹೆಸರಾದ ಮನೆತನದಲ್ಲಿ. ಓದಿದ್ದು ಕೆಮಿಕಲ್ ಎಂಜಿನಿಯರಿಂಗ್. 2014ರಲ್ಲಿ ತಾನಿನ್ನು ಮುಸ್ಲಿಮನಲ್ಲ, ದೇವರನ್ನು ನಂಬುವುದಿಲ್ಲ ಎಂದು ಬಹಿರಂಗವಾಗಿ ಹೇಳಿದರು.

ಮನೆಯವರು ಅವರನ್ನು ವೈದ್ಯರಲ್ಲಿಗೆ ಕರೆದೊಯ್ದರು. ಒಬ್ಬ ವೈದ್ಯರು ಯಾವ ಕಾಯಿಲೆಯೂ ಇಲ್ಲವೆಂದರು. ಇನ್ನೊಬ್ಬರು ಒಪ್ಪಲಿಲ್ಲ. ನಾಸ್ತಿಕತೆಯೇ ವ್ಯಕ್ತಿತ್ವ ಬದಲಾವಣೆಯ ಲಕ್ಷಣವೆಂದು ಅವರಿಗೆ ಕಂಡಿತ್ತು. ಕಾನೊದ ಆಸ್ಪತ್ರೆಯೊಂದರ ಮನೋರೋಗ ವಿಭಾಗದಲ್ಲಿ ಬಾಲಾ ಅವರನ್ನು ಅವರ ಇಚ್ಛೆಗೆ ವಿರುದ್ಧವಾಗಿ 18 ದಿನ ಇರಿಸಲಾಯಿತು. ಅಲ್ಲಿಂದಲೇ ಅವರು ಮೊಬೈಲ್ ಮೂಲಕ ಹೊರಜಗತ್ತಿಗೆ ಸುದ್ದಿ ಮುಟ್ಟಿಸಿದರು. ಅಂತರರಾಷ್ಟ್ರೀಯ ಮಾನವತಾವಾದಿ ಒಕ್ಕೂಟ ದನಿಯೆತ್ತಿತು, ಪತ್ರಿಕೆಗಳು ಬರೆದವು. ಕೊನೆಗೆ ಅವರು ಹೊರಬಂದದ್ದು ಆಸ್ಪತ್ರೆಯ ವೈದ್ಯರು ಮುಷ್ಕರ ಹೂಡಿದಾಗ. ಒಳಗಿಟ್ಟದ್ದು ತಪ್ಪೆಂದು ಆ ಹೊತ್ತಿನಲ್ಲಿ ಯಾವ ಅಧಿಕಾರಿಯೂ ಹೇಳಲಿಲ್ಲ.

ಈ ಘಟನೆಯನ್ನು ಪ್ರಕರಣದ ಪೀಠಿಕೆಯೆಂದು ದಾಟಿ ಹೋಗಬಾರದು. ಧರ್ಮ ಬಿಟ್ಟವನು ಮೊದಲು ಎದುರಿಸುವುದು ಪೊಲೀಸರನ್ನಲ್ಲ, ಮನೆಯವರನ್ನು. ಮನೆಯವರಿಗೆ ಅದು ಸೇಡಿನ ಕೆಲಸವಲ್ಲ. ಮಗನಿಗೆ ಏನೋ ಆಗಿದೆ, ಸರಿಪಡಿಸಬೇಕು ಎಂಬ ಕಳವಳ ಅದು. ನೆರೆಹೊರೆಯಲ್ಲಿ ಮಾನ ಹೋಗುವ ಭಯವೂ, ಮಗನ ಜೀವಕ್ಕೇ ಅಪಾಯ ಬರಬಹುದೆಂಬ ಭಯವೂ ಅದರ ಜೊತೆಗಿರುತ್ತವೆ. ಕಾಗದದ ಮೇಲಿನ ಹಕ್ಕಿಗೆ ಇಂಥ ಮನೆಯೊಳಗೆ ಪ್ರವೇಶವಿರುವುದಿಲ್ಲ. ಅದಕ್ಕೇ ಸ್ಥಳೀಯ ಸಂಘ ಬೇಕಾಗುತ್ತದೆ. ನೀನೊಬ್ಬನೇ ಹೀಗೆ ಯೋಚಿಸುವುದಲ್ಲ ಎಂದು ಅದೇ ಊರಿನ, ಅದೇ ಭಾಷೆಯ ಇನ್ನೊಬ್ಬರು ಹೇಳಬೇಕಾಗುತ್ತದೆ. ಬಾಲಾ ಮುಂದಿನ ವರ್ಷಗಳಲ್ಲಿ ಮಾಡಿದ್ದು ಈ ಕೆಲಸವನ್ನು. ಉತ್ತರದ ಹೌಸಾ ಭಾಷಿಕರ ನಡುವೆ ಬಾಯಿಬಿಡಲಾರದೆ ಉಳಿದಿದ್ದ ಸಂದೇಹವಾದಿಗಳಿಗೆ ಅವರ ಫೇಸ್‌ಬುಕ್ ಪುಟ ಒಂದು ತಾಣವಾಯಿತು. ಅಪಾಯವೂ ಆ ತಾಣದಿಂದಲೇ ಬಂತು.

ನೈಜೀರಿಯಾದಲ್ಲಿ ಈ ವಿಚಾರಕ್ಕೆ ಬೇರು ಇಲ್ಲದಿರಲಿಲ್ಲ. ಶಿಕ್ಷಣ ತಜ್ಞ ತಾಯಿ ಸೋಲಾರಿನ್ 1956ರಲ್ಲಿ ಇಕೆನೆಯಲ್ಲಿ ಮೇಫ್ಲವರ್ ಶಾಲೆ ಕಟ್ಟಿದರು. ಮಿಷನರಿ ಶಾಲೆಗಳೇ ಶಾಲೆಗಳಾಗಿದ್ದ ಕಾಲದಲ್ಲಿ ಯಾವ ಧರ್ಮಕ್ಕೂ ಸೇರದ ಶಾಲೆ ಅದು. ಲಿಯೊ ಇಗ್ವೆ 1996ರಲ್ಲಿ ನೈಜೀರಿಯಾ ಮಾನವತಾವಾದಿ ಚಳವಳಿಯನ್ನು ಆರಂಭಿಸಿದರು. ಉತ್ತರ ಘಾನಾದಲ್ಲಿ ಮಾಟಗಾತಿಯರೆಂಬ ಆರೋಪ ಹೊತ್ತು ಊರು ಬಿಟ್ಟ ಹೆಂಗಸರ ಕುರಿತು ಅಧ್ಯಯನ ಮಾಡಿ ಜರ್ಮನಿಯ ಬೈರಾಯ್ಟ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದವರು ಅವರು. ಮಾನವತಾವಾದ ಬಿಳಿಯರಿಂದ ಆಮದಾದ ಸರಕು ಎಂಬ ಮಾತನ್ನು ನೈಜೀರಿಯಾದಲ್ಲಿ ಆಗಾಗ ಎತ್ತುತ್ತಾರೆ. ಸೋಲಾರಿನ್ ಮತ್ತು ಇಗ್ವೆ ಅವರ ಕೆಲಸ ತಿಳಿದವರಿಗೆ ಆ ಮಾತಿನ ಟೊಳ್ಳು ಕಾಣುತ್ತದೆ.

2020ರ ಏಪ್ರಿಲ್ 28

ಬಂಧನದ ವೇಳೆಗೆ ಬಾಲಾ ಕಾನೊದಲ್ಲಿ ಇರಲಿಲ್ಲ. ಕಡುನಾದಲ್ಲಿ ನೆಲೆಸಿದ್ದರು. ಅವರ ಮಗುವಿಗೆ ಆಗ ಆರು ವಾರ. ಏಪ್ರಿಲ್ ಕೊನೆಯ ವಾರ ಅವರು ಬರೆದ ಒಂದು ಬರಹ ಕಾನೊದಲ್ಲಿ ಕೋಪ ಎಬ್ಬಿಸಿತು. ಅಲ್ಲಿನ ವಕೀಲರ ತಂಡವೊಂದು 27ರಂದು ಕಾನೊ ಪೊಲೀಸ್ ಆಯುಕ್ತರಿಗೆ ದೂರು ಕೊಟ್ಟಿತು. ಮರುದಿನವೇ ಕಡುನಾದಲ್ಲಿ ಬಂಧನವಾಯಿತು. ಇನ್ನೆರಡು ದಿನಗಳಲ್ಲಿ ಅವರನ್ನು 200 ಕಿಲೋಮೀಟರಿಗೂ ಹೆಚ್ಚು ದೂರದ ಕಾನೊಗೆ ಸಾಗಿಸಿದರು. ಕೋವಿಡ್ ನಿರ್ಬಂಧಗಳಿಂದ ದೇಶದ ನ್ಯಾಯಾಲಯಗಳ ಕೆಲಸ ಬಹುಮಟ್ಟಿಗೆ ನಿಂತಿದ್ದ ದಿನಗಳವು. ಪೊಲೀಸರ ವಾಹನಕ್ಕೆ ಮಾತ್ರ ಅಡ್ಡಿಯಿರಲಿಲ್ಲ.

ಈ ಸಾಗಣೆಯೇ ಇಡೀ ಪ್ರಕರಣದ ತಿರುವು ಎಂದು ನನ್ನ ಎಣಿಕೆ. ಕಡುನಾದಲ್ಲಿ ಮನೆಯಿತ್ತು, ಗೆಳೆಯರಿದ್ದರು. ಕಾನೊದಲ್ಲಿ ಅವರ ತಲೆಗೆ ಬೆಲೆ ಕಟ್ಟುವಷ್ಟು ಕೋಪವಿತ್ತು. ಅದು ಬರೀ ಊಹೆಯ ಮಾತಲ್ಲ. ಕಾನೊದ ಯುವ ಗಾಯಕ ಯಹಾಯಾ ಶರೀಫ್ ಅಮಿನು ವಾಟ್ಸ್ಆ್ಯಪ್‌ನಲ್ಲಿ ಹಂಚಿದ ಹಾಡೊಂದು ಪ್ರವಾದಿಗೆ ಅವಮಾನ ಮಾಡಿದೆಯೆಂದು ಅದೇ ವರ್ಷ ಗುಂಪೊಂದು ಅವರ ಮನೆಗೆ ಬೆಂಕಿ ಹಚ್ಚಿತ್ತು. ಆಗಸ್ಟ್ 10ರಂದು ಶರಿಯಾ ನ್ಯಾಯಾಲಯವೊಂದು ಅವರಿಗೆ ಮರಣದಂಡನೆ ವಿಧಿಸಿತು. ಆ ವಿಚಾರಣೆಯಲ್ಲಿ ಅವರ ಪರವಾಗಿ ವಕೀಲರೇ ಇರಲಿಲ್ಲ. ಕಾನೊದಲ್ಲಿ ಬಾಲಾ ಪರವಾಗಿ ವಕಾಲತ್ತು ಹಾಕಲು ಮುಂದೆ ಬರುವ ವಕೀಲನೂ ತನ್ನ ಜೀವದ ಲೆಕ್ಕ ಹಾಕಬೇಕಿತ್ತು.

ಇಲ್ಲಿ ನೈಜೀರಿಯಾದ ಸಂವಿಧಾನ ಏನು ಹೇಳುತ್ತದೆ ಎಂಬುದನ್ನು ನೋಡೋಣ. 1999ರ ಸಂವಿಧಾನದ 10ನೇ ಕಲಂ ಪ್ರಕಾರ ಒಕ್ಕೂಟ ಸರ್ಕಾರವಾಗಲಿ ರಾಜ್ಯ ಸರ್ಕಾರವಾಗಲಿ ಯಾವ ಧರ್ಮವನ್ನೂ ರಾಜಧರ್ಮವಾಗಿ ಸ್ವೀಕರಿಸುವಂತಿಲ್ಲ. 38ನೇ ಕಲಂ ವಿಚಾರ, ಆತ್ಮಸಾಕ್ಷಿ, ಧರ್ಮಗಳ ಸ್ವಾತಂತ್ರ್ಯ ಕೊಡುತ್ತದೆ. ಧರ್ಮ ಬದಲಿಸುವ ಸ್ವಾತಂತ್ರ್ಯವೂ ಅದರಲ್ಲಿ ಸೇರಿದೆಯೆಂದು ಸ್ಪಷ್ಟವಾಗಿ ಬರೆದಿದೆ. 39ನೇ ಕಲಂ ಅಭಿವ್ಯಕ್ತಿಗೆ ಸಂಬಂಧಿಸಿದ್ದು. 35ನೇ ಕಲಂ ಇನ್ನೂ ಖಚಿತ. ಬಂಧಿತನಿಗೆ ವಕೀಲರನ್ನು ಕಾಣುವ ಹಕ್ಕಿದೆ. 40 ಕಿಲೋಮೀಟರ್ ಒಳಗೆ ನ್ಯಾಯಾಲಯವಿದ್ದರೆ ಒಂದು ದಿನದಲ್ಲಿ, ಇಲ್ಲವಾದರೆ ಎರಡು ದಿನದಲ್ಲಿ ಅಥವಾ ನ್ಯಾಯಾಲಯ ಸೂಕ್ತವೆಂದು ಕಾಣುವ ಅವಧಿಯಲ್ಲಿ ಅವನನ್ನು ಹಾಜರುಪಡಿಸಬೇಕು. ಇದರ ಮೇಲೆ 1981ರ ಆಫ್ರಿಕಾದ ಮಾನವ ಮತ್ತು ಜನಾಂಗಗಳ ಹಕ್ಕುಗಳ ಸನ್ನದು ಇದೆ. ನೈಜೀರಿಯಾ ಅದನ್ನು 1983ರಲ್ಲೇ ತನ್ನ ಸ್ವಂತ ಕಾಯ್ದೆಯಾಗಿ ಮಾಡಿಕೊಂಡಿತ್ತು.

ಬಾಲಾ ತಮ್ಮ ವಕೀಲರನ್ನು ಕಂಡದ್ದು ಅಕ್ಟೋಬರ್‌ನಲ್ಲಿ. ಏಪ್ರಿಲ್ 28ರಿಂದ ಅಕ್ಟೋಬರ್‌ವರೆಗೆ ಅವರ ಪತ್ನಿಗೆ ಗಂಡ ಬದುಕಿದ್ದಾರೋ ಇಲ್ಲವೋ ಎಂಬುದೂ ತಿಳಿದಿರಲಿಲ್ಲ. ಜೀವಂತವಾಗಿದ್ದಾರೆ ಎಂಬುದಕ್ಕೆ ಪುರಾವೆ ಕೊಡಿ ಎಂಬುದೇ ಮೊದಲ ತಿಂಗಳುಗಳ ಹೋರಾಟದ ಬೇಡಿಕೆಯಾಗಿತ್ತು. ಹಕ್ಕು, ಸ್ವಾತಂತ್ರ್ಯ, ಸಂವಿಧಾನ ಎಲ್ಲವೂ ಆ ಒಂದು ಬೇಡಿಕೆಗೆ ಇಳಿದುಬಿಟ್ಟಿದ್ದವು. ಎಳೆ ಮಗುವನ್ನು ಕಟ್ಟಿಕೊಂಡು ಅಧಿಕಾರಿಗಳಿಗೆ ಅರ್ಜಿ ಬರೆಯುತ್ತಾ, ಪತ್ರಕರ್ತರ ಮುಂದೆ ಮತ್ತೆ ಮತ್ತೆ ಅದೇ ಪ್ರಶ್ನೆ ಕೇಳುತ್ತಾ ಆ ಹೆಣ್ಣುಮಗಳು ಕಳೆದ ತಿಂಗಳುಗಳನ್ನು ಯಾವ ನ್ಯಾಯಾಲಯವೂ ಶಿಕ್ಷೆಯೆಂದು ಲೆಕ್ಕ ಹಾಕುವುದಿಲ್ಲ.

ಗೆದ್ದ ಆದೇಶ

ಲಿಯೊ ಇಗ್ವೆ ಮತ್ತು ಸಂಗಡಿಗರು ವಕೀಲರ ತಂಡ ಕಟ್ಟಿದರು. ಲಂಡನ್ನಿನ ಹ್ಯೂಮನಿಸ್ಟ್ಸ್ ಇಂಟರ್‌ನ್ಯಾಷನಲ್ ಬೆಂಬಲಕ್ಕೆ ನಿಂತಿತು. ವಿಶ್ವಸಂಸ್ಥೆಯ ಮಾನವ ಹಕ್ಕು ತಜ್ಞರು ಬಿಡುಗಡೆಗೆ ಕರೆ ಕೊಟ್ಟರು. ಬಂಧನದ ನೂರನೆಯ ದಿನಕ್ಕೆ ವೋಲೆ ಸೋಯಿಂಕಾ ಒಂದು ಬೆಂಬಲ ಪತ್ರ ಬರೆದರು. 1960ರ ದಶಕದ ಅಂತರ್ಯುದ್ಧದ ಕಾಲದಲ್ಲಿ ತಾವೇ ವಿಚಾರಣೆಯಿಲ್ಲದೆ ಸೆರೆಯಲ್ಲಿದ್ದ ನೊಬೆಲ್ ಪುರಸ್ಕೃತ ಲೇಖಕ ತಮ್ಮ ನೆಲದ ಇನ್ನೊಬ್ಬ ಸೆರೆಯಾಳಿಗೆ ಬರೆದ ಪತ್ರವಾದ್ದರಿಂದ ಅದಕ್ಕೆ ಬೇರೆಯೇ ತೂಕವಿತ್ತು.

2020ರ ಡಿಸೆಂಬರ್ 21ರಂದು ರಾಜಧಾನಿ ಅಬುಜಾದ ಫೆಡರಲ್ ಹೈಕೋರ್ಟ್, ಅಂದರೆ ಒಕ್ಕೂಟದ ಹೈಕೋರ್ಟ್, ತೀರ್ಪು ಕೊಟ್ಟಿತು. ಆರೋಪವನ್ನೇ ಹೊರಿಸದೆ ಇಟ್ಟುಕೊಂಡಿರುವುದು ಮೂಲಭೂತ ಹಕ್ಕುಗಳ ಉಲ್ಲಂಘನೆ, ಜಾಮೀನಿನ ಮೇಲೆ ಬಿಡಬೇಕು, 2,50,000 ನೈರಾ ಪರಿಹಾರ ಕೊಡಬೇಕು ಎಂದಿತು. ಇದಕ್ಕಿಂತ ಸ್ಪಷ್ಟವಾದ ಗೆಲುವು ಬೇಕೆನ್ನುವವರಿಲ್ಲ.

ಅವರನ್ನು ಬಿಡಲಿಲ್ಲ. ಕ್ರಿಸ್‌ಮಸ್ ಕಳೆಯಿತು, ಹೊಸ ವರ್ಷ ಬಂತು, ಬಂಧನದ ಮೊದಲ ವಾರ್ಷಿಕವೂ ಆಯಿತು. ಆರೋಪಪಟ್ಟಿ ಬಂದದ್ದೇ 2021ರ ನಡುವಿನಲ್ಲಿ, ಬಂಧನವಾಗಿ ಒಂದು ವರ್ಷ ಮೀರಿದ ಮೇಲೆ. ಆಮೇಲೆ ವಿಚಾರಣೆ ಮುಂದೂಡುತ್ತಾ ಹೋಯಿತು.

ಮಾನವ ಹಕ್ಕುಗಳ ಬಗ್ಗೆ ಸಾಮಾನ್ಯವಾಗಿ ನಡೆಯುವ ಚರ್ಚೆ ಕಾನೂನು ಒಳ್ಳೆಯದೋ ಕೆಟ್ಟದ್ದೋ ಎಂಬಲ್ಲಿಗೆ ಮುಗಿಯುತ್ತದೆ. ಅದು ಸಾಲದು ಎಂಬುದನ್ನು ಡಿಸೆಂಬರ್ 21ರ ಆದೇಶ ತೋರಿಸಿಕೊಟ್ಟಿತು. ಆದೇಶ ಹೊರಟದ್ದು ಒಕ್ಕೂಟದ ನ್ಯಾಯಾಲಯದಿಂದ, ರಾಜಧಾನಿಯಿಂದ. ಅದನ್ನು ಪಾಲಿಸಬೇಕಾದವರು ಇದ್ದದ್ದು ಕಾನೊದಲ್ಲಿ. ಪೊಲೀಸ್ ವ್ಯವಸ್ಥೆ ನೈಜೀರಿಯಾದಲ್ಲಿ ಒಕ್ಕೂಟ ಸರ್ಕಾರದ ಅಧೀನದಲ್ಲಿದೆ, ಅಂದರೆ ಅಬುಜಾದಲ್ಲಿ ಕುಳಿತ ಸರ್ಕಾರ ಮನಸ್ಸು ಮಾಡಿದ್ದರೆ ಆದೇಶ ಅಂದೇ ಜಾರಿಯಾಗುತ್ತಿತ್ತು. ಕಾನೊದ ಮತಗಳನ್ನು ಕಳೆದುಕೊಳ್ಳಲು ಯಾವ ಪಕ್ಷಕ್ಕೂ ಮನಸ್ಸಿರಲಿಲ್ಲ ಎಂಬುದು ನನ್ನ ತೀರ್ಮಾನ. ಬಾಲಾ ಅವರನ್ನು ಬಿಟ್ಟರೆ ಬೀದಿಯಲ್ಲಿ ಏನಾಗುತ್ತದೋ ಎಂಬ ಭಯ ಒಂದು ನೆಪವಾಗಿಯೂ ಇತ್ತು, ನಿಜವಾಗಿಯೂ ಇತ್ತು. ಆದರೆ ಒಬ್ಬನ ಜೀವಕ್ಕೆ ಅಪಾಯವಿದೆಯೆಂದರೆ ಅವನಿಗೆ ರಕ್ಷಣೆ ಕೊಡಬೇಕು. ಅಪಾಯ ಒಡ್ಡುವವರ ಬೇಡಿಕೆಯಂತೆ ಅವನನ್ನೇ ಕೂಡಿಹಾಕುವುದು ರಕ್ಷಣೆಯಲ್ಲ.

210ನೇ ಕಲಮಿನ ತವರು

ಹೊರಗಿನವರು ಈ ಪ್ರಕರಣವನ್ನು ಶರಿಯಾ ಪ್ರಕರಣವೆಂದು ಭಾವಿಸುತ್ತಾರೆ. ಅದು ಹಾಗಿರಲಿಲ್ಲ. ಜಂಫಾರಾ ರಾಜ್ಯ 1999ರಲ್ಲಿ ದಾರಿ ತೋರಿದ ಮೇಲೆ ಉತ್ತರದ 12 ರಾಜ್ಯಗಳು ಶರಿಯಾ ದಂಡಸಂಹಿತೆಯನ್ನು ತಂದದ್ದು ನಿಜ. ಕಾನೊದ ಶರಿಯಾ ದಂಡಸಂಹಿತೆಯ 382(ಬಿ) ಕಲಂ ಪ್ರವಾದಿಯ ನಿಂದನೆಗೆ ಮರಣದಂಡನೆ ಹೇಳುತ್ತದೆ. ಗಾಯಕ ಯಹಾಯಾ ಮೇಲೆ ಹೇರಿದ್ದು ಅದನ್ನೇ. ಆದರೆ ಶರಿಯಾ ನ್ಯಾಯಾಲಯದ ವ್ಯಾಪ್ತಿ ಮುಸ್ಲಿಮರಿಗೆ ಮಾತ್ರ. ಬಾಲಾ ಧರ್ಮ ಬಿಟ್ಟವರು. ಅವರ ವಿಚಾರಣೆ ನಡೆದದ್ದು ಸಾಮಾನ್ಯ ಹೈಕೋರ್ಟಿನಲ್ಲಿ, ಕಾನೊದ ಸಾಮಾನ್ಯ ದಂಡಸಂಹಿತೆಯ 210 ಮತ್ತು 114ನೇ ಕಲಮುಗಳ ಅಡಿಯಲ್ಲಿ. ಒಂದು ಧರ್ಮನಿಂದೆಗೆ, ಇನ್ನೊಂದು ಸಾರ್ವಜನಿಕ ಶಾಂತಿಭಂಗಕ್ಕೆ ಸಂಬಂಧಿಸಿದ್ದು. ಅವರು 2014ರಲ್ಲಿ ಬಹಿರಂಗವಾಗಿ ಧರ್ಮ ಬಿಟ್ಟದ್ದೇ 2020ರಲ್ಲಿ ಅವರನ್ನು ಮರಣದಂಡನೆಯಿಂದ ದೂರ ಇಟ್ಟಿತು ಎನ್ನಬಹುದು.

210ನೇ ಕಲಮಿನ ಮೂಲ ಹುಡುಕಿಕೊಂಡು ಹೋದರೆ ಕನ್ನಡ ಓದುಗರಿಗೆ ಪರಿಚಿತವಾದ ಜಾಗಕ್ಕೆ ಬಂದು ನಿಲ್ಲುತ್ತೇವೆ. ಕಾನೊ ದಂಡಸಂಹಿತೆಯ ತಾಯಿ 1959ರಲ್ಲಿ ರಚನೆಯಾಗಿ, 1960ರಲ್ಲಿ ಸ್ವಾತಂತ್ರ್ಯದ ಹಿಂದಿನ ದಿನ ಜಾರಿಗೆ ಬಂದ ಉತ್ತರ ನೈಜೀರಿಯಾ ದಂಡಸಂಹಿತೆ. ಅದನ್ನು ಬರೆದವರು ಮಾದರಿಯಾಗಿ ಇಟ್ಟುಕೊಂಡದ್ದು ಸುಡಾನಿನ ದಂಡಸಂಹಿತೆಯನ್ನು. ಸುಡಾನಿನಲ್ಲಿ ಬ್ರಿಟಿಷರು ಮಾದರಿಯಾಗಿ ಇಟ್ಟುಕೊಂಡದ್ದು 1860ರ ಭಾರತೀಯ ದಂಡಸಂಹಿತೆಯನ್ನು. ಮೆಕಾಲೆ ಕರಡು ಮಾಡಿದ್ದ ಅದೇ ಸಂಹಿತೆ. ಬೇರೆ ಬೇರೆ ಮತಗಳ ಪ್ರಜೆಗಳು ಹೊಡೆದಾಡಿಕೊಂಡು ಆಳ್ವಿಕೆಗೆ ತೊಂದರೆ ತರಬಾರದು ಎಂಬ ವಸಾಹತು ಆಡಳಿತದ ಚಿಂತೆ ಕಲ್ಕತ್ತಾದಿಂದ ಖಾರ್ಟೂಮಿಗೆ, ಅಲ್ಲಿಂದ ಕಾನೊಗೆ ಪಯಣಿಸಿತು. ಧಾರ್ಮಿಕ ಭಾವನೆಗಳನ್ನು ಬೇಕೆಂದೇ ಕೆರಳಿಸುವುದನ್ನು ಅಪರಾಧವಾಗಿಸುವ 295ಎ ಕಲಂ ಭಾರತದ ಸಂಹಿತೆಗೆ 1927ರಲ್ಲಿ ಸೇರಿತು. ಹೊಸ ನ್ಯಾಯ ಸಂಹಿತೆಯಲ್ಲಿ ಅದು 299ನೇ ಕಲಮಾಗಿ ಮುಂದುವರಿದಿದೆ. ಹಾಗಾಗಿ ಕಾನೊದ ಸಂಗತಿಯನ್ನು ದೂರದ ಯಾವುದೋ ಕತ್ತಲೆ ಖಂಡದ ಸುದ್ದಿಯೆಂದು ಓದುವ ಹಕ್ಕು ನಮಗಿಲ್ಲ. ನಮ್ಮ ಮನೆಯ ಕಾನೂನಿನ ಮೊಮ್ಮಗು ಅದು.

ಇಂಥ ಕಲಮುಗಳ ಒಳಗಿನ ತರ್ಕವನ್ನು ಸ್ವಲ್ಪ ನಿಂತು ನೋಡಬೇಕು. ಶಾಂತಿಗೆ ಭಂಗ ಬರುವ ಸಂಭವವಿರುವಂತೆ ಧರ್ಮವನ್ನು ಅವಮಾನಿಸಿದರೆ ಅಪರಾಧ. ಭಂಗ ತರುವವರು ಯಾರು? ಬರೆದವನಲ್ಲ, ಓದಿ ಕೆರಳಿದವರು. ಕೆರಳುವವರು ಹೆಚ್ಚಿದಷ್ಟೂ ಬರೆದವನ ಅಪರಾಧ ದೊಡ್ಡದಾಗುತ್ತದೆ. ಗುಂಪು ಕಟ್ಟಿ ಬೆದರಿಸಬಲ್ಲವರ ನೋವಿಗೆ ಕಾನೂನು ಕಿವಿಗೊಡುತ್ತದೆ. ಸಂಖ್ಯೆಯಿಲ್ಲದವರ, ಮೆತ್ತಗೆ ಬದುಕುವವರ ನೋವು ಶಾಂತಿಭಂಗದ ಸಂಭವ ಹುಟ್ಟಿಸುವುದಿಲ್ಲವಾದ್ದರಿಂದ ಲೆಕ್ಕಕ್ಕೆ ಬರುವುದೇ ಇಲ್ಲ.

ಬಾಲಾ ಅವರಿಗೆ ಶಿಕ್ಷೆಯಾದ ಐದೇ ವಾರಗಳಲ್ಲಿ, 2022ರ ಮೇ 12ರಂದು, ಸೊಕೊಟೊ ನಗರದ ಶಿಕ್ಷಣ ಕಾಲೇಜೊಂದರಲ್ಲಿ ಡೆಬೊರಾ ಸ್ಯಾಮ್ಯುಯೆಲ್ ಎಂಬ ವಿದ್ಯಾರ್ಥಿನಿಯನ್ನು ಕಾಲೇಜಿನ ಆವರಣದಲ್ಲೇ ಗುಂಪು ಹೊಡೆದು ಕೊಂದು ಸುಟ್ಟಿತು. ಸಹಪಾಠಿಗಳ ವಾಟ್ಸ್ಆ್ಯಪ್ ಗುಂಪಿನಲ್ಲಿ ಆಕೆ ಹಾಕಿದ ಸಂದೇಶ ಧರ್ಮನಿಂದೆಯೆಂಬುದು ಕಾರಣ. ಹಿಡಿದ ಇಬ್ಬರ ಮೇಲೆ ಹೊರಿಸಿದ್ದು ಕೊಲೆಯ ಆರೋಪವಲ್ಲ, ಒಳಸಂಚು ಮತ್ತು ಶಾಂತಿಭಂಗದ ಆರೋಪ. ಸರ್ಕಾರಿ ವಕೀಲರು ವಿಚಾರಣೆಗೇ ಬಾರದ್ದರಿಂದ ಆ ಇಬ್ಬರೂ ಬಿಡುಗಡೆಯಾದರು. ಆ ಹತ್ಯೆಯನ್ನು ಖಂಡಿಸಿದ ವಿಡಿಯೋ ಒಂದನ್ನು ಹಂಚಿದ್ದಕ್ಕೆ ಬೌಚಿ ರಾಜ್ಯದ ರೋಡಾ ಜಟಾವು ಎಂಬ ಮಹಿಳೆ ಸೆರೆಗೆ ಹೋದರು. ಅವರು ನಿರ್ದೋಷಿಯೆಂದು ತೀರ್ಪಾದದ್ದು 2024ರ ಡಿಸೆಂಬರ್‌ನಲ್ಲಿ. ಬರೆದದ್ದಕ್ಕೆ 24 ವರ್ಷ, ಕೊಂದವರ ಪೈಕಿ ಒಬ್ಬರಿಗೂ ಆ ಇಬ್ಬರ ಮೊಕದ್ದಮೆಯಲ್ಲಿ ಒಂದು ದಿನದ ಶಿಕ್ಷೆಯಿಲ್ಲ. ಇದನ್ನು ಬರೆಯುವಾಗ ನನಗೆ ಸಿಟ್ಟು ಬರುತ್ತದೆ, ಬರಬೇಕು ಕೂಡ.

ಬಾಲಾ ಅವರ ಮಾತು ಮೃದುವಾಗಿತ್ತೆಂದು ನಾನು ವಾದಿಸುವುದಿಲ್ಲ. ಕೆಲವು ಬರಹಗಳು ಕಟುವಾಗಿದ್ದವು, ನಂಬಿಕೆಯುಳ್ಳ ಒಳ್ಳೆಯ ಜನರ ಮನಸ್ಸನ್ನು ನೋಯಿಸುವಂತಿದ್ದವು. ಅವರೇ ನ್ಯಾಯಾಲಯದಲ್ಲಿ, ಹಿಂಸೆ ಎಬ್ಬಿಸುವ ಉದ್ದೇಶ ತಮಗಿರಲಿಲ್ಲ, ಮುಂದೆ ಎಚ್ಚರ ವಹಿಸುತ್ತೇನೆ ಎಂಬರ್ಥದಲ್ಲಿ ಮಾತಾಡಿದರು. ನೋಯಿಸುವ ಮಾತಿಗೆ ಉತ್ತರ ಕೊಡಬಹುದು, ಓದದೆ ಇರಬಹುದು, ಅದನ್ನು ಖಂಡಿಸಬಹುದು. ಯಾರ ಮೇಲಾದರೂ ಹಲ್ಲೆ ಮಾಡಿರೆಂದು ಕರೆ ಕೊಟ್ಟಿದ್ದರೆ ಮಾತು ಬೇರೆಯಾಗುತ್ತಿತ್ತು. ಅಂಥ ಕರೆಯನ್ನು ಅವರು ಕೊಟ್ಟಿರಲಿಲ್ಲ.

ತಪ್ಪೊಪ್ಪಿಗೆಯನ್ನು ಹೇಗೆ ಓದಬೇಕು

ಪ್ರಕರಣದ ಅತ್ಯಂತ ಕಷ್ಟದ ಪ್ರಶ್ನೆ ಇದು. ಎರಡು ವರ್ಷ ಜಗತ್ತಿನ ಉದ್ದಗಲಕ್ಕೂ ಅವರು ನಿರಪರಾಧಿಯೆಂದು ಹೋರಾಡಿದವರ ಮುಂದೆ ಅವರೇ ಎದ್ದು ನಿಂತು 18 ಬಾರಿ ತಪ್ಪಾಯಿತೆಂದರು. ಚಳವಳಿಯ ಕೆಲವರಿಗೆ ಅದು ಕೈಬಿಟ್ಟಂತೆ ಕಂಡಿತು. ವಿರೋಧಿಗಳು ಸತ್ಯ ಹೊರಬಿತ್ತೆಂದು ಬೀಗಿದರು.

ಬಿಡುಗಡೆಯ ನಂತರ ಬಾಲಾ ತಾವೇ ಕಾರಣ ಹೇಳಿದರು. ತಪ್ಪೊಪ್ಪಿಗೆ ತನ್ನ ಜೀವವನ್ನಷ್ಟೇ ಅಲ್ಲ, ಕಾನೊದಲ್ಲಿ ತನ್ನ ಮೊಕದ್ದಮೆಯೊಂದಿಗೆ ತಳಕುಹಾಕಿಕೊಂಡಿದ್ದವರ ಜೀವವನ್ನೂ ಉಳಿಸಿತು ಎಂಬುದು ಅವರ ಮಾತಿನ ಸಾರ. ವಕೀಲರು, ಸಾಕ್ಷಿಗಳು, ನೆಂಟರು, ಎಲ್ಲರೂ ಗುರಿಯಾಗಬಹುದಿತ್ತು. ವಿಚಾರಣೆ ಪೂರ್ತಿ ನಡೆದಿದ್ದರೆ ಪ್ರತಿಯೊಂದು ಬರಹವನ್ನೂ ತೆರೆದ ನ್ಯಾಯಾಲಯದಲ್ಲಿ ಓದಬೇಕಾಗುತ್ತಿತ್ತು. ಪ್ರತಿ ಓದಿನ ಮರುದಿನ ಕಾನೊದ ಬೀದಿಗಳಲ್ಲಿ ಏನಾಗುತ್ತಿತ್ತು ಎಂದು ಅಲ್ಲಿ ಹುಟ್ಟಿ ಬೆಳೆದ ಅವರಿಗಿಂತ ಚೆನ್ನಾಗಿ ಬಲ್ಲವರು ಯಾರಿದ್ದರು?

ನನ್ನ ಮಟ್ಟಿಗೆ ಆ ತಪ್ಪೊಪ್ಪಿಗೆ ಮಾನವತಾವಾದಕ್ಕೆ ದ್ರೋಹವಲ್ಲ, ಅದರ ಆಚರಣೆ. ಸಿದ್ಧಾಂತಕ್ಕಾಗಿ ಸಾಯುವುದನ್ನು ಹೊಗಳುವ ಪರಂಪರೆಗಳು ಜಗತ್ತಿನಲ್ಲಿ ಬೇಕಾದಷ್ಟಿವೆ. ಈ ಲೋಕದ ಬದುಕೇ ಮುಖ್ಯವೆಂದು ನಂಬಿದವನು ತನ್ನ ಮಾತಿಗಿಂತ ಇತರರ ಪ್ರಾಣ ದೊಡ್ಡದೆಂದು ತೀರ್ಮಾನಿಸಿದರೆ ಅವನು ತನ್ನ ನಂಬಿಕೆಗೆ ನಿಷ್ಠನಾಗಿಯೇ ಇದ್ದಾನೆ. ಆದರೆ ನ್ಯಾಯದ ದೃಷ್ಟಿಯಿಂದ ಅದಕ್ಕೆ ಬೆಲೆಯಿಲ್ಲ. ಎರಡು ವರ್ಷ ಕೂಡಿಹಾಕಿ, ಜಾಮೀನಿನ ಆದೇಶವನ್ನು ತುಳಿದು, ಹೊರಗೆ ಗುಂಪಿನ ಭಯವಿಟ್ಟು ಪಡೆದ ಒಪ್ಪಿಗೆಯನ್ನು ಸ್ವಯಿಚ್ಛೆಯದೆಂದು ನ್ಯಾಯಾಲಯ ಸ್ವೀಕರಿಸಲೇಬಾರದಿತ್ತು. ಸ್ವೀಕರಿಸಿದ ಮೇಲೂ 24 ವರ್ಷ ವಿಧಿಸಿದ್ದು ಒಪ್ಪಿಕೊಂಡವನಿಗೆ ಸಿಗಬೇಕಾದ ರಿಯಾಯಿತಿಯನ್ನೂ ಕೊಡದ ನಡೆ.

ಮೇಲ್ಮನವಿ ನ್ಯಾಯಾಲಯಕ್ಕೂ ಅದು ಅತಿಯೆನಿಸಿತು. 2024ರ ಮೇ 13ರಂದು ಅದು ಶಿಕ್ಷೆಯನ್ನು 5 ವರ್ಷಕ್ಕೆ ಇಳಿಸಿತು. ಅಪರಾಧ ನಿರ್ಣಯವನ್ನು ಮಾತ್ರ ರದ್ದು ಮಾಡಲಿಲ್ಲ. 2025ರ ಜನವರಿ ಮೊದಲ ವಾರ ಬಾಲಾ ಅಬುಜಾದ ಜೈಲಿನಿಂದ ಹೊರಬಂದರು. ಮನೆಗೆ ಹೋಗಲಾಗಲಿಲ್ಲ. ಜೀವಭಯದಿಂದ ಗುಟ್ಟಾದ ಜಾಗದಲ್ಲಿ ಉಳಿಯಬೇಕಾಯಿತು. ಆರು ವಾರದ ಕೂಸಾಗಿದ್ದ ಮಗ ಆ ವೇಳೆಗೆ ಐದು ವರ್ಷದ ಹತ್ತಿರಕ್ಕೆ ಬಂದಿದ್ದ.

ಏನು ಕೆಲಸ ಮಾಡಿತು

ಯಾವುದೂ ಒಂದೇ ಏಟಿಗೆ ಬೀಗ ಒಡೆಯಲಿಲ್ಲ. ವಿಶ್ವಸಂಸ್ಥೆಯ ಹೇಳಿಕೆಗಳಿಂದ ಕಾನೊದ ಅಧಿಕಾರಿಗಳು ಬೆಚ್ಚಿದಂತೆ ಕಾಣಲಿಲ್ಲ. ಆದರೂ ಬಾಲಾ ಜೀವಂತವಾಗಿ ಹೊರಬಂದರು. ಅದಕ್ಕೆ ಕಾರಣವಾದದ್ದು ಮುಖ್ಯವಾಗಿ ಅವರ ಹೆಸರು ಮರೆಯಾಗದಂತೆ ನೋಡಿಕೊಂಡ ದಿನನಿತ್ಯದ ಕೆಲಸ ಎಂದು ನನಗೆ ತೋರುತ್ತದೆ. ಪೊಲೀಸ್ ಕೋಣೆಯಲ್ಲಿ ಸದ್ದಿಲ್ಲದೆ ಸಾಯಬಹುದಾದ ಮನುಷ್ಯನ ಹೆಸರನ್ನು ಜಗತ್ತು ಪ್ರತಿ ತಿಂಗಳೂ ಕೇಳುತ್ತಿದ್ದರೆ ಅವನನ್ನು ಸಾಯಗೊಡುವುದು ಕಷ್ಟ. ಹೊರದೇಶದ ಸಂಘಗಳು ಹಣವನ್ನೂ ಗಮನವನ್ನೂ ಒದಗಿಸಿದವು. ಜೈಲಿಗೆ ಹೋಗಿ ನೋಡಿ ಬಂದವರು, ಪ್ರತಿ ಮುಂದೂಡಿಕೆಯ ದಿನವೂ ನ್ಯಾಯಾಲಯಕ್ಕೆ ಹಾಜರಾದವರು, ತಮ್ಮದೇ ಊರಿನಲ್ಲಿ ಬೆದರಿಕೆ ನುಂಗಿದವರು ನೈಜೀರಿಯನ್ನರು. ಅವರಲ್ಲಿ ಎಲ್ಲರೂ ನಾಸ್ತಿಕರಾಗಿರಲಿಲ್ಲ. ಬಾಲಾ ಅವರ ಒಂದು ಸಾಲನ್ನೂ ಒಪ್ಪದೆ, ಅವರ ಹಕ್ಕಿಗಾಗಿ ವಾದಿಸಿದ ದೈವಭಕ್ತರೂ ಇದ್ದರು.

ಇನ್ನೊಂದು ದಾರಿ ನಿಧಾನವಾಗಿ ತೆರೆಯುತ್ತಿತ್ತು. ಪಶ್ಚಿಮ ಆಫ್ರಿಕಾದ ದೇಶಗಳ ಆರ್ಥಿಕ ಒಕ್ಕೂಟವಾದ ಇಕೋವಾಸ್‌ಗೆ ಒಂದು ನ್ಯಾಯಾಲಯವಿದೆ. ಅದೂ ಅಬುಜಾದಲ್ಲೇ ಇದೆ. ವ್ಯಾಪಾರದ ವ್ಯಾಜ್ಯಗಳಿಗಾಗಿ ಹುಟ್ಟಿದಂತಿದ್ದ ಆ ನ್ಯಾಯಾಲಯಕ್ಕೆ 2005ರ ಒಪ್ಪಂದ ಮಾನವ ಹಕ್ಕುಗಳ ಪ್ರಕರಣಗಳನ್ನು ಕೇಳುವ ಅಧಿಕಾರ ಕೊಟ್ಟಿತು. ಸ್ವದೇಶದ ಎಲ್ಲ ನ್ಯಾಯಾಲಯಗಳ ಮೆಟ್ಟಿಲು ಹತ್ತಿ ಮುಗಿಸಿರಬೇಕೆಂಬ ಷರತ್ತೂ ಅಲ್ಲಿಲ್ಲ. ಬಾಲಾ ಬಿಡುಗಡೆಯಾದ ಮೂರು ತಿಂಗಳಿಗೆ, 2025ರ ಏಪ್ರಿಲ್ 9ರಂದು, ಹಕ್ಕುಗಳ ಸಂಘಟನೆಯೊಂದು ಹೂಡಿದ್ದ ದಾವೆಯಲ್ಲಿ ಆ ನ್ಯಾಯಾಲಯ ಕಾನೊದ ಎರಡೂ ಕಲಮುಗಳನ್ನು ಪರಿಶೀಲಿಸಿ ತೀರ್ಪು ಕೊಟ್ಟಿತು. 210ನೇ ಕಲಂ ಅಪರಾಧವೇನೆಂದು ತಿಳಿಯದಷ್ಟು ಅಸ್ಪಷ್ಟ, 382(ಬಿ) ಹೇಳುವ ಮರಣದಂಡನೆ ಮಿತಿಮೀರಿದ್ದು, ಎರಡೂ ಆಫ್ರಿಕಾದ ಸನ್ನದಿಗೆ ಹೊಂದುವುದಿಲ್ಲ, ನೈಜೀರಿಯಾ ಇವನ್ನು ರದ್ದು ಮಾಡಬೇಕು ಅಥವಾ ತಿದ್ದಬೇಕು ಎಂದಿತು. ಯುರೋಪಿನವರು ಹೇರಿದ ಮೌಲ್ಯವೆಂದು ಇದನ್ನು ತಳ್ಳಿಹಾಕುವಂತಿಲ್ಲ. ಆಫ್ರಿಕಾದ ದೇಶಗಳು ಬರೆದುಕೊಂಡ ಸನ್ನದಿನ ಆಧಾರದ ಮೇಲೆ, ಆಫ್ರಿಕಾದ ನ್ಯಾಯಾಧೀಶರು, ಆಫ್ರಿಕಾದ ಸಂಘಟನೆ ತಂದ ದಾವೆಯಲ್ಲಿ ಕೊಟ್ಟ ತೀರ್ಪು ಇದು.

ಕಾನೊ ಸರ್ಕಾರ ತನ್ನ ಕಾನೂನಿನಿಂದ ಹಿಂದೆ ಸರಿಯುವುದಿಲ್ಲವೆಂದು ಹೇಳಿತು. ಅಬುಜಾದಲ್ಲಿ ಹೊರಟ ಆದೇಶ ಕಾನೊ ತಲುಪುವ ದಾರಿ ಎಷ್ಟು ಉದ್ದವೆಂದು 2020ರ ಡಿಸೆಂಬರ್‌ನಲ್ಲೇ ಕಂಡಿದ್ದವರಿಗೆ ಇದು ಹೊಸದಲ್ಲ. ಹಾಗೆಂದು ತೀರ್ಪು ವ್ಯರ್ಥವೆನ್ನಲಾರೆ. ನಾಳೆ ಕಾನೊದಲ್ಲಿ ಇನ್ನೊಬ್ಬರ ಬಂಧನವಾದರೆ, ಅವರ ವಕೀಲರ ಕೈಯಲ್ಲಿ 2020ರಲ್ಲಿ ಬಾಲಾ ವಕೀಲರ ಬಳಿ ಇಲ್ಲದ ಒಂದು ತೀರ್ಪು ಇರುತ್ತದೆ. ಮೊದಲ ದಿನವೇ ಅದನ್ನು ನ್ಯಾಯಾಲಯದ ಮುಂದಿಡಬಹುದು. ಬಂಧಿತರನ್ನು ಊರು ಬಿಟ್ಟು ಊರಿಗೆ ಸಾಗಿಸುವ ಮೊದಲೇ ತಡೆಯಾಜ್ಞೆ ಕೋರುವುದು, ವಕೀಲರ ಭೇಟಿಗೆ ಆ ದಿನವೇ ಅರ್ಜಿ ಹಾಕುವುದು, ಜಾಮೀನು ಆದೇಶ ಜಾರಿಯಾಗದಿದ್ದರೆ ಅಧಿಕಾರಿಗಳ ಮೇಲೆ ನ್ಯಾಯಾಂಗ ನಿಂದನೆಯ ಮೊಕದ್ದಮೆ ಹೂಡುವುದು, ಮನೆಯವರಿಗೆ ತಂಗಲು ಬೇರೆ ರಾಜ್ಯದಲ್ಲಿ ಜಾಗ ಗೊತ್ತುಮಾಡಿಡುವುದು, ಇವು ಭಾಷಣದಲ್ಲಿ ಹೇಳುವಂಥ ಕೆಲಸಗಳಲ್ಲ. ಬಾಲಾ ಪ್ರಕರಣದಲ್ಲಿ ಕಳೆದುಹೋದ ತಿಂಗಳುಗಳು ಹೆಚ್ಚಾಗಿ ಇಂಥ ಕಡೆಗಳಲ್ಲೇ ಕಳೆದುಹೋದವು.

ಯಹಾಯಾ ಶರೀಫ್ ಅಮಿನು ಅವರ ಮರಣದಂಡನೆಯನ್ನು ಕಾನೊ ಹೈಕೋರ್ಟ್ 2021ರ ಜನವರಿಯಲ್ಲಿ ಬದಿಗಿರಿಸಿ ಮರುವಿಚಾರಣೆಗೆ ಹೇಳಿತು. ಅದನ್ನು ಪ್ರಶ್ನಿಸಿದ ಮೇಲ್ಮನವಿ 2022ರ ಆಗಸ್ಟ್‌ನಲ್ಲಿ ಬಿದ್ದುಹೋಯಿತು. ಶರಿಯಾ ದಂಡಸಂಹಿತೆಯೇ ಸಂವಿಧಾನಕ್ಕೆ ವಿರುದ್ಧವೆಂಬ ಅವರ ವಾದ ಈಗ ನೈಜೀರಿಯಾದ ಸುಪ್ರೀಂ ಕೋರ್ಟಿಗೆ ಹೋಗಿದೆ. ಅಲ್ಲಿ ಬರುವ ತೀರ್ಪು ಕಾನೊಗೆ ಮಾತ್ರವಲ್ಲ, 12 ರಾಜ್ಯಗಳಿಗೂ ಅನ್ವಯಿಸುತ್ತದೆ.